ಹುದುಗು

ಚೌರಪ್ಪನವರು ಆ ಬಾಟಲಿಯನ್ನು ಎಂದೂ ನಿಲ್ಲಿಸಿಟ್ಟವರಲ್ಲ.
ಲಷ್ಕರ್ ಮೊಹಲ್ಲಾದ ಮನೆ, ಮೆಟ್ಟಿಲ ಕೆಳಗೆ
ರಾಗಿ ಡಬ್ಬದ ಹಿಂದೆ, ಗೋಣಿತಾಟು ಹೊದಿಸಿ
ಮಗ್ಗುಲಾಗಿ ಮಲಗಿಸಿದ್ದರು.
ಮಾರ್ಚಿ ಬಂತೆಂದರೆ ತಾಟಿಗೆ ನೀರು ಚಿಮುಕಿಸುವುದು.
"ಬಿರಡೆ ಒಣಗಬಾರದು ಮಾದಯ್ಯ,
ಒಣಗಿದರೆ ಉಸಿರು ಹೋಗುತ್ತೆ."
ನಾನು ಎದುರು ಬೇಕರಿಯವನು. ಬನ್ನು ಕೊಡಲು ಹೋದಾಗೆಲ್ಲ
ಆ ಕತ್ತಲಿಗೆ ಒಂದು ಸಲ ಬಗ್ಗಿ ನೋಡುತ್ತಿದ್ದೆ,
ಬಾಣಂತಿ ಕೋಣೆಗೆ ಇಣುಕಿದ ಹಾಗೆ.

ಮೂವತ್ತೊಂದು ವರ್ಷ ಹೋಟೆಲಿನಲ್ಲಿ ಟ್ರೇ ಹೊತ್ತವರು.
ಒಬ್ಬ ಫ್ರೆಂಚ್ ಅತಿಥಿ, ಎರಡು ವಾರ ಜ್ವರದಲ್ಲಿ ಬಿದ್ದಿದ್ದವನು,
ಗಂಜಿ ಕುಡಿಸಿದ ಕೈಗೆ ಹೊರಡುವಾಗ ಇದನ್ನಿಟ್ಟನಂತೆ.
ಎಪ್ಪತ್ತಾರರ ಬೆಳೆ. ಜಪಮಾಲ ಹುಟ್ಟಿದ ವರ್ಷ.
"ಮಗಳ ಮದುವೆಗೆ ತೆಗಿ" ಅಂದನಂತೆ.

ಜಪಮಾಲ ಕನ್ಯಾಮಠ ಸೇರಿದಳು.
ಮಂಡ್ಯದ ಶಾಲೆಯಲ್ಲಿ ಕೆಮಿಸ್ಟ್ರಿ ಹೇಳುತ್ತಾಳೆ.
ಅವಳು ಹೊರಟ ದಿನ ತಾಟಿಗೆ ನೀರು ಬೀಳಲಿಲ್ಲ.
ಮರುದಿನ ಬಿತ್ತು.
ಯಾದವಗಿರಿಯ ವಕೀಲರು ನಲವತ್ತು ಸಾವಿರ ಅಂದರು, ಆಮೇಲೆ ಐವತ್ತು.
"ಮಲಗಿದೆ ಸಾರ್, ಎಬ್ಬಿಸಬೇಡಿ" ಅಂದರು ಇವರು.

ನನಗೆ ಹುದುಗಿನ ಕಥೆ ಹೇಳಿದ್ದೂ ಅವರೇ.
ನಾನು ದಿನಾ ಬೆಳಗಿನ ನಾಲ್ಕಕ್ಕೆ ಹುದುಗನ್ನು ಒಲೆಗೆ ಹಾಕಿ ಕೊಲ್ಲುವವನು,
ಏಳರೊಳಗೆ ಮಾರಿ ಮುಗಿಸುವವನು.
ಅಲ್ಲಿ ಹಾಗಲ್ಲವಂತೆ.
ಸಕ್ಕರೆ ತಿಂದು, ಗುಳ್ಳೆ ಬಿಟ್ಟು, ಬಾಟಲಿಯೊಳಗೇ ಸತ್ತ ಹುದುಗಿನ ಜೊತೆ
ವೈನನ್ನು ವರ್ಷಗಟ್ಟಲೆ ಮಲಗಿಸುತ್ತಾರಂತೆ.
ಆಮೇಲೆ ಗಷ್ಟು ತೆಗೆದು ಹೊಸ ಬಿರಡೆ ಜಡಿಯುತ್ತಾರೆ.
ಸತ್ತದ್ದು ಆಚೆ ಹೋಗುತ್ತೆ. ರುಚಿ ಹೋಗುವುದಿಲ್ಲ.
ಅವತ್ತು ನನ್ನ ಕೈಯ ಹಿಟ್ಟನ್ನು ಬಹಳ ಹೊತ್ತು ನೋಡಿಕೊಂಡೆ.

ಹೋದ ತಿಂಗಳು ಸಿಸ್ಟರ್ ಬಂದಿದ್ದರು,
ವ್ರತ ತೊಟ್ಟು ಇಪ್ಪತ್ತೈದು ತುಂಬಿತೆಂದು.
ಊಟವಾದ ಮೇಲೆ ಅಪ್ಪನನ್ನು ನೇರ ಕೇಳಿದರು:
"ನನ್ನ ಮದುವೆಯ ಬೆಳ್ಳಿಹಬ್ಬಕ್ಕಾದರೂ ಅದನ್ನು ತೆಗಿತೀರೋ ಇಲ್ವೋ?"

ಐಸ್ ನಾನೇ ತಂದೆ, ಮೀನಿನಂಗಡಿಯಿಂದ.
ಹೋಟೆಲಿನ ಗಾಜಿನ ಲೋಟ ಒಂದೇ ಇತ್ತು. ಉಳಿದವರಿಗೆ ಸ್ಟೀಲು.
ತಂತಿ ಬಿಚ್ಚುವಾಗ ಸಿಸ್ಟರ್ ಹಿಂದೆ ಸರಿದರು:
"ಒಳಗೆ ಲಾರಿ ಟೈರಿಗಿಂತ ಒತ್ತಡ ಇರಬಹುದು."
ಎಂಬತ್ತು ದಾಟಿದ ಕೈ. ಬಿರಡೆಯನ್ನಲ್ಲ, ಬಾಟಲಿಯನ್ನು ತಿರುಗಿಸಿತು.
ಢಂ ಅನ್ನಲಿಲ್ಲ.
ಮಗು ಮಲಗಿದ ಕೋಣೆಯ ಕದ
ತಾಯಿ ಎಳೆದುಕೊಂಡಷ್ಟು ಸದ್ದು.
ಬಿರಡೆ ಅರಳಲೂ ಇಲ್ಲ, ಕಟ್ಟಿಗೆಯ ಗೂಟದ ಹಾಗೆ
ಬಿಗಿದುಕೊಂಡೇ ಅಂಗೈಗೆ ಬಂತು.

ಕೆಟ್ಟಿದೆ ಅಂದುಕೊಂಡೆ.

ಬಣ್ಣ ಮೂರು ದಿನದ ಸೇವಂತಿಗೆಯದು.
ಗುಳ್ಳೆ ಎಲ್ಲೋ ಒಂದೆರಡು ದಾರ,
ಹೇಳಲೋ ಬೇಡವೋ ಎಂದು ಯೋಚಿಸಿ ಮೇಲೆ ಬರುತ್ತಿದ್ದವು.
"ಕುಡಿಬೇಡ ಈಗಲೇ. ಮೂಸು."
ಮೂಸಿದೆ.
ಬೆಳಗಿನ ನಾಲ್ಕರ ನನ್ನ ಒಲೆಬಾಯಿ!
ಬನ್ನಿನ ಮೇಲ್ಸಿಪ್ಪೆ, ಅಂಚು ಸೀದ ಬೆಲ್ಲ,
ಹುತ್ತದ ಪಕ್ಕದ ಅಣಬೆ,
ಅದರ ಹಿಂದೆ ಹೇರಳೆಕಾಯಿ ಸಿಪ್ಪೆ, ಇನ್ನೂ ಹಸಿ, ಇನ್ನೂ ಹುಳಿ.
ನಲವತ್ತೆಂಟು ವರ್ಷವಾದರೂ
ಆ ಹುಳಿ ಬೆನ್ನು ಬಾಗಿಸಿರಲಿಲ್ಲ.

ಸಿಸ್ಟರ್ ಎರಡು ಗುಟುಕು ಕುಡಿದರು,
ಕೆಮಿಸ್ಟ್ರಿ ಏನೂ ಹೇಳಲಿಲ್ಲ.
ಆರೋಗ್ಯಮ್ಮ ಒಂದು ಚಮಚ ಬಾಯಿಗೆ ಬಿಟ್ಟುಕೊಂಡು
"ಇದಕ್ಕಾ ಇಷ್ಟು ವರ್ಷ ನೀರು ಹುಯ್ದಿದ್ದು?" ಅಂದರು.
ಅಂದವರು ಲೋಟವನ್ನು ಮುಂದೆ ಚಾಚಿದರು.
ಚೌರಪ್ಪನವರು ಎಡಗೈ ಬೆನ್ನ ಹಿಂದಿಟ್ಟು
ಎಲ್ಲರಿಗೂ ಬಡಿಸಿದರು, ಹೋಟೆಲಿನ ಹಾಗೆಯೇ,
ಕೊನೆಗೆ ತಮಗೆ.
ಕಣ್ಣು ಮುಚ್ಚಲಿಲ್ಲ, ತಲೆಯಾಡಿಸಲಿಲ್ಲ.
"ಇನ್ನೊಂದು ಐದು ವರ್ಷ ತಡೀತಿತ್ತು" ಅಂದರು.

ರಾತ್ರಿ ಹಿಟ್ಟು ನಾದಿ ಒದ್ದೆಬಟ್ಟೆ ಮುಚ್ಚುವಾಗ
ಅದರ ಮೇಲೆ ಕೈಯಿಟ್ಟು ನಿಂತೆ.
ಒಳಗೆ ಏನೋ ಉಸಿರಾಡುತ್ತಿತ್ತು.
ಖಾಲಿ ಬಾಟಲಿ ಕೇಳಿದ್ದೆ, ಕೊಡಲಿಲ್ಲ.
ಅದು ಮೆಟ್ಟಿಲ ಕೆಳಗೇ ಇದೆ,
ಮಗ್ಗುಲಾಗಿ.