ರಜೆಯ ಮುಳುಗು

ಹದಿನಾರು ವರ್ಷದಿಂದ ನೀರಿಗಿಳಿಯುತ್ತಿದ್ದೇನೆ,
ಒಂದು ಸಲವೂ ಜಾಗ ನಾನು ಆರಿಸಿದ್ದಲ್ಲ.
ದಡದಲ್ಲಿ ಬಿಟ್ಟ ಚಪ್ಪಲಿ ಆರಿಸುತ್ತಿತ್ತು,
ಏರಿಯ ಮೇಲೆ ಸ್ಟ್ಯಾಂಡು ಹಾಕಿ ನಿಲ್ಲಿಸಿದ ಬೈಕು,
ಕಲ್ಲಿನಡಿ ಮಡಿಸಿಟ್ಟ ಶರ್ಟು.
ಮಂಡ್ಯದ ಅಗ್ನಿಶಾಮಕ ಠಾಣೆಯಲ್ಲಿ ಫೋನು ಹೊಡೆದರೆ
ವಿ.ಸಿ. ನಾಲೆಯೋ, ಹಾಳು ಬಾವಿಯೋ, ಕ್ವಾರಿಯ ಹೊಂಡವೋ,
ಹೋಗು ಎಂದಲ್ಲಿಗೆ ಹೋದೆ,
ಸಿಕ್ಕಿದ್ದನ್ನು ತಂದೆ,
ತಂದದ್ದರ ಮುಖ ನೋಡದೆ ಟವಲು ಹುಡುಕಿದೆ.

ಈಗ ಹತ್ತು ದಿನದ ರಜೆ.
ಸಾಹೇಬರು ಕಾರಣ ಕೇಳಿದರು.
'ಮುಳುಗೋಕೆ' ಅಂದೆ.
ನಕ್ಕು ಸಹಿ ಹಾಕಿದರು.

ಮೈಸೂರಿನ ಮಂಡಿ ಮೊಹಲ್ಲಾದ ಇಮ್ದಾದ್
ನನ್ನ ಸಿಲಿಂಡರಿಗೆ ಗಾಳಿ ತುಂಬುವವನು.
ಅವನ ಅಂಗಡಿಯ ಗೋಡೆಗೊಂದು ನಕ್ಷೆ:
ಎಲ್ಲೋ ದೂರದ ಕೆರೆಗಳು, ಉಪ್ಪಿಲ್ಲದ ಸಮುದ್ರದಂಥವು,
ಈ ದಡಕ್ಕೆ ಆ ದಡ ಕಾಣದವು.
ತಳದಲ್ಲಿ ಮರದ ಹಡಗುಗಳು ಕೂತಿವೆಯಂತೆ,
ಪಟಗಂಬ ನೆಟ್ಟಗೆ, ಚುಕ್ಕಾಣಿ ಹಾಗೇ,
ಅಡುಗೆಕೋಣೆಯಲ್ಲಿ ಬಟ್ಟಲು ಕೂಡ ಮಗುಚದೆ.
'ಥಂಡಿ ನೀರು ಭಾಯಿ, ಹುಳ ತಿನ್ನಲ್ಲ,
ನೂರೈವತ್ತು ವರ್ಷ ಆದ್ರೂ ನಿನ್ನೆ ಮುಳುಗಿದ ಹಾಗೆ.'
ಎಷ್ಟು ಜನ ಇದ್ದರು ಅದರಲ್ಲಿ, ಕೇಳಿದೆ.
ಗ್ರೀಸಿನ ಬೆರಳಿಟ್ಟು ಓದತೊಡಗಿದ:
ಇದರಲ್ಲಿ ಒಂಬತ್ತು, ಇದರಲ್ಲಿ ಇಪ್ಪತ್ತೆರಡು, ಇದರಲ್ಲಿ...
ಸಾಕು ಅಂದೆ.
ವಿಮಾನದ ಖರ್ಚು ಕೇಳುವ ಮೊದಲೇ
ಪಟ್ಟಿಯಿಂದ ಅಷ್ಟೂ ಕೆರೆ ಹೊಡೆದುಹೋದವು.

ತೊಣ್ಣೂರಿಗೆ ಹೋದೆ.
ನೀರು ಅಂದರೆ ಅದು.
ಕತ್ತಿನ ಮಟ್ಟ ಇಳಿದರೂ
ನನ್ನ ಹೆಬ್ಬೆರಳ ಉಗುರು ನನಗೆ ಕಾಣುತ್ತಿತ್ತು,
ಕಲ್ಲಿನ ಮೇಲೆ ಮೀನಿನ ನೆರಳು, ಆ ನೆರಳಿನ ಬಾಲ.
ಆದರೆ ಮುಳುಗಿದ್ದೇನೂ ಇಲ್ಲ.
ಒಂದು ಸ್ಟೀಲ್ ಲೋಟ, ಯಾರದೋ ಕನ್ನಡಕ.
ಕಾಣುವ ನೀರಲ್ಲಿ ಏನೂ ಇಲ್ಲ,
ಇರುವ ನೀರಲ್ಲಿ ಏನೂ ಕಾಣದು,
ನಮ್ಮ ಕಡೆಯ ಹಣೆಬರಹ ಇಷ್ಟೆ ಎಂದುಕೊಂಡು
ಬಟ್ಟೆ ಹಿಂಡಿದೆ.

ಉಳಿದದ್ದು ಕನ್ನಂಬಾಡಿಯ ಹಿನ್ನೀರು.
ದಿನಾ ಪೇಪರಿನ ಮೂಲೆಯಲ್ಲಿ ಕಟ್ಟೆಯ ಮಟ್ಟ ನೋಡಿದೆ:
ನೂರಾ ಒಂದು ಅಡಿ. ನೂರೂ ಮುಕ್ಕಾಲು. ನೂರು.
ಊರಿಗೆ ಊರೇ ಅದನ್ನೋದಿ ಗದ್ದೆಯ ಕಡೆ ನೋಡಿದರೆ
ನಾನೊಬ್ಬ ಒಳಗೊಳಗೇ
ಇಳೀಲಿ, ಇನ್ನರ್ಧ ಅಡಿ ಇಳೀಲಿ ಅಂತ.
ಪಾಪ ಅನ್ನಿಸಿತು. ಆದರೂ ಅಂದುಕೊಂಡೆ.

ಸಾಗರಕಟ್ಟೆ ಹತ್ತಿರ ಹರಿಗೋಲಿನ ಕರಿಗಂಗಯ್ಯ
ಬಲೆ ಬಿಡಿಸುತ್ತಾ ಹೇಳಿದ:
'ದೋಣಿ ಒಂದೈತೆ, ನಮ್ಮಪ್ಪನ ಕಾಲದ್ದು.
ಆಚೆ ದಡದ ಆಲೆಮನೆಯಿಂದ ಬೆಲ್ಲ ತುಂಬ್ಕೊಂಡ್ ಬರ್ತಿತ್ತು.
ಗಾಳಿ ಎದ್ದು ಮಗ್ಗುಲಾಯ್ತು.'
ಎಷ್ಟು ಜನ?
'ಮೂವರು. ಒಬ್ರನ್ನೊಬ್ರು ಬೈಕೊಂಡು ಈಜ್ಕೊಂಡ್ ಬಂದ್ರು.
ಬೆಲ್ಲ ಮಾತ್ರ ಹೋಯ್ತು.
ಆ ವರ್ಸ ಮೀನ್ ಸಾರಿಗೆ
ಒಸಿ ಹುಳಿ ಜಾಸ್ತಿ ಬುಡ್ಬೇಕಾಯ್ತು ಕಣಪ್ಪ.'

ಒಬ್ಬರೂ ಹೋಗಲಿಲ್ಲವಾ?
'ಒಬ್ರೂ.'
ಮೂರನೇ ಸಲ ಕೇಳಿದ್ದಕ್ಕೆ
ಬೀಡಿ ಬಾಯಿಂದ ತೆಗೆದು ನನ್ನನ್ನೇ ನೋಡಿದ.

ಅಲ್ಲಿಗೆ ತೀರ್ಮಾನವಾಯಿತು.
ಮೊಳದಾಚೆ ಕಾಣದು, ಗೊತ್ತು.
ಕೈಯಲ್ಲೇ ಓದಬೇಕು: ಹಲಗೆ, ಮೊಳೆ, ತಕ್ಕಡಿಯ ತಟ್ಟೆ,
ತೂಕದ ಕಲ್ಲೊಂದು ಸಿಕ್ಕಿದರೂ ಸಿಕ್ಕೀತು.
ಬೆರಳುಗಳಿಗೆ ಮೊದಲೇ ಹೇಳಿಟ್ಟಿದ್ದೇನೆ,
ಕೂದಲು ಹುಡುಕಬೇಡಿ, ಶರ್ಟಿನ ಗುಂಡಿ ಹುಡುಕಬೇಡಿ,
ಬಳೆ ಸಿಕ್ಕರೆ ಬೆಚ್ಚಬೇಡಿ,
ಅದು ಹಗ್ಗ ಕಟ್ಟುವ ಕಬ್ಬಿಣದ ಬಳೆ.
ಕೇಳುತ್ತವೋ ಇಲ್ಲವೋ.

ಬೆಳಗ್ಗೆ ಆರೂವರೆ.
ನೀರಿಳಿದು ಹೊರಬಿದ್ದ ಮರದ ಬೊಡ್ಡೆಯ ಮೇಲೆ ಒಂದು ಬೆಳ್ಳಕ್ಕಿ.
ಸಿಲಿಂಡರು ಹೊತ್ತು, ದಡದಲ್ಲಿ ಚಪ್ಪಲಿ ಕಳಚಿಟ್ಟೆ
ಜೋಡಿಯಾಗಿ, ಮೂತಿ ನೀರಿನ ಕಡೆಗೆ.
ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದೆ.

ವಾಪಸು ಬಂದು ಎತ್ತಿಕೊಂಡು
ಹರಿಗೋಲಿನೊಳಗೆ ಕರಿಗಂಗಯ್ಯನ ಕಾಲ ಬಳಿ ಇಟ್ಟೆ.
'ಯಾಕಪ್ಪ, ಇಲ್ಲಿ ಯಾರು ಕದ್ದಾರು?' ಅಂದ.
ಮಾಸ್ಕು ಕಟ್ಟಿಕೊಂಡೆ.