ಒಂದು ವಿಸಿಲಿಗೆ ನಿಲ್ಲಬೇಕು

ಒಂದು ವಿಸಿಲಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.
ಮೂವತ್ತಮೂರು ವರ್ಷದಲ್ಲಿ ನಾನು ಕಲಿತ ವ್ಯಾಕರಣ ಇಷ್ಟೇ.
ಕುಲಶೇಖರದಿಂದ ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕಿನಿಂದ ಕುಲಶೇಖರ,
ಹೆಗಲಿಗೆ ಚರ್ಮದ ಚೀಲ, ಬೆರಳ ಸಂದಿನಲ್ಲಿ ನೋಟಿನ ಬೀಸಣಿಗೆ,
ಬಾಗಿಲಲ್ಲಿ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು,
‘ದುಂಬು ಪೋಲೆ, ದುಂಬು ಪೋಲೆ’ ಎಂದು
ಊರನ್ನೇ ಮುಂದಕ್ಕೆ ನೂಕಿದವ.
ಬಿಡುವಾಗ ಧಣಿ ಕೊಟ್ಟದ್ದು ಒಂದು ಗೋಡೆ ಗಡಿಯಾರ.
ಪಿಎಫ್ ಎಂದದ್ದಕ್ಕೆ ನಕ್ಕರು.
ಗಡಿಯಾರ ಇವತ್ತಿಗೂ ಎರಡು ನಿಮಿಷ ಮುಂದೆ ಓಡುತ್ತದೆ,
ಹಿಂದಿನ ಬಸ್ಸು ಬಂತೋ ಎಂಬ ಹಾಗೆ.

ಈಗ ನಾನು ಕೆಳಗೆ ನಿಂತವ.
ಎಪ್ಪತ್ತೆರಡು. ಬಲ ಮೊಣಕಾಲಲ್ಲಿ ಮರಳು.
ತಿಂಗಳಿಗೊಮ್ಮೆ ವೆನ್ಲಾಕಿಗೆ, ಬಿಪಿ ಮಾತ್ರೆಗೆ.
ಪಿಂಚಣಿ ಬಂದರೂ ಬಸ್ಸೇ, ಬಾರದಿದ್ದರೂ ಬಸ್ಸೇ;
ರಿಕ್ಷಾ ಅಂದರೆ ಎರಡು ದಿನದ ಮೀನು.
ಬಸ್ಸು ತಂಗುದಾಣ ದಾಟಿ ಹತ್ತು ಮಾರು ಮುಂದೆ ನಿಲ್ಲುತ್ತದೆ,
ನಿಲ್ಲುವುದಲ್ಲ, ನಿಂತಂತೆ ಮಾಡುತ್ತದೆ.
ಮೊದಲ ಮೆಟ್ಟಿಲೇ ಮೊಣಕಾಲಿನ ಎತ್ತರಕ್ಕೆ.
ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಆಸ್ಪತ್ರೆಯ ಚೀಟಿ,
ಕಾಲು ಎತ್ತಿದ್ದೇನೆ, ಅಷ್ಟರಲ್ಲಿ
ಎರಡು ವಿಸಿಲು.

ಒಳಗೆ ಹಳದಿ ಬಣ್ಣದಲ್ಲಿ ಬರೆದದ್ದುಂಟು, ‘ಹಿರಿಯ ನಾಗರಿಕರಿಗೆ’.
ಅಲ್ಲಿಯ ತನಕ ಮುಟ್ಟಿದವನಿಗೆ ಅದು ಬೇಡ ಮಾರಾಯ್ರೆ,
ಮುಟ್ಟಿದವನಿಗೆ ನಿಲ್ಲಲಿಕ್ಕೂ ಬರುತ್ತದೆ.

ಅಕ್ಟೋಬರದಲ್ಲಿ ಹಿರಿಯರ ದಿನ ಅಂತ ಪುರಭವನಕ್ಕೆ ಕರೆದರು.
ಎಲ್ಲರಿಗೂ ಶಾಲು, ಲಾಡು, ಶುಗರ್ ಇದ್ದವರಿಗೂ ಲಾಡು.
ನಾನು ಎದ್ದು ಕೇಳಿದೆ: ಮೆಟ್ಟಿಲು ಒಂದು ಗೇಣು ಇಳಿಸಬಹುದಾ?
ಅಧಿಕಾರಿ ಒಳ್ಳೆಯ ಹುಡುಗಿ, ಬರೆದುಕೊಂಡಳು.
‘ಹಂಪಿಗೆ ತಾಗುತ್ತದೆ ಅಜ್ಜ’ ಎಂದ ಪಕ್ಕದಲ್ಲಿದ್ದವ.
ಸರಿ, ಹಂಪಿಗೆ ನೋವಾಗಬಾರದು.

ಸೆರಪಿನ್ ಬಾಯಿಯ ವಿಷಯ ಅಲ್ಲಿ ನಾನು ಎತ್ತಲಿಲ್ಲ.
ತೊಂಬತ್ತೊಂದೋ ತೊಂಬತ್ತೆರಡೋ, ಕ್ರಿಸ್‌ಮಸ್ಸಿಗೆ ವಾರ ಇತ್ತು.
ಕಂಕುಳಲ್ಲಿ ಕೆಂಪು ಹರಿವೆಯ ಕಟ್ಟು. ಬೆಂದೂರ್‌ವೆಲ್ಲಿನಲ್ಲಿ ಇಳಿಯುತ್ತಿದ್ದರು,
ಒಂದು ಕಾಲು ನೆಲದಲ್ಲಿ, ಒಂದು ನನ್ನ ಬಸ್ಸಿನಲ್ಲಿ.
ತಿರುವಿನಲ್ಲಿ ಹಿಂದಿನ ಬಸ್ಸಿನ ಮೂಗು ಕಂಡಿತು.
ಊದಿದೆ. ಎರಡು.
ತಿರುಗಿ ನೋಡಿದರೆ ರಸ್ತೆ ತುಂಬ ಹರಿವೆ.
ಯಾರೋ ಎತ್ತುತ್ತಿದ್ದರು, ಸೊಪ್ಪನ್ನೋ ಅವರನ್ನೋ.
ನಾವು ಟೈಮಿಗೆ ಸರಿಯಾಗಿ ಮುಟ್ಟಿದೆವು.
ಆಮೇಲೆ ಸೊಪ್ಪು ತರುತ್ತಿದ್ದದ್ದು ಸೊಸೆ.
ಚಿಲ್ಲರೆ ಎಣಿಸಿ ಕೊಡುತ್ತಿದ್ದಳು,
ನನ್ನ ಮುಖ ನೋಡುತ್ತಿರಲಿಲ್ಲ.

ಇವತ್ತು ಬುಧವಾರ. ತಂಗುದಾಣದಲ್ಲಿ ನಾವು ನಾಲ್ವರು:
ಒಬ್ಬರಿಗೆ ಕೋಲು, ಒಬ್ಬರ ಕೈಯಲ್ಲಿ ಎಕ್ಸ್‌ರೇಯ ಲಕೋಟೆ,
ಆಪರೇಷನ್ ಆದ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದ ಅಜ್ಜಿ, ಮತ್ತೆ ನಾನು.
ಬಸ್ಸು ಬಂತು. ನಿಂತಂತೆ ಮಾಡಿತು.
ಕಿಸೆಯಲ್ಲಿ ಮಾತ್ರೆಯ ಜೊತೆ ಹಳೆಯ ವಿಸಿಲು ಇರುತ್ತದೆ.
ಯಾಕೆಂದು ಹೆಂಡತಿ ಕೇಳಿ ಕೇಳಿ ಬಿಟ್ಟಿದ್ದಾಳೆ.
ಊದಿದೆ. ಒಂದೇ. ಉದ್ದಕ್ಕೆ.
ಡ್ರೈವರನ ಕಾಲಿಗೆ ನನ್ನ ವಯಸ್ಸು ಗೊತ್ತಿಲ್ಲ.
ಬ್ರೇಕು ಬಿತ್ತು.
ಬಸ್ಸು ನಿಜವಾಗಿ ನಿಂತಿತು.

ಹಿಂದಿನಿಂದ ಹಾರ್ನು. ಹುಡುಗ ಕಂಡಕ್ಟರ್ ಬೈದ;
ನನ್ನದೇ ಬೈಗುಳ, ಒಂದಕ್ಷರ ಬದಲಾಗಿಲ್ಲ.
ಕೋಲು ಹತ್ತಿತು, ಎಕ್ಸ್‌ರೇ ಹತ್ತಿತು.
ಅಜ್ಜಿ ಬಗ್ಗಿ ಮೆಟ್ಟಿಲನ್ನು ಕೈಯಿಂದ ಮುಟ್ಟಿ ಅಂದಾಜು ಮಾಡಿದರು,
ಸೆರಗು ಸಿಕ್ಕಿಸಿದರು, ಆಮೇಲೆ ಕಾಲಿಟ್ಟರು.
ಕೊನೆಗೆ ನಾನು.

‘ಓಡೆಗ್ ಅಜ್ಜೆರೆ?’
ವೆನ್ಲಾಕ್ ಎನ್ನಬೇಕಿತ್ತು.
ಬಾಯಿಗೆ ಬಂದದ್ದು ಬೆಂದೂರ್‌ವೆಲ್.
ಮೆಷಿನಿನಿಂದ ಚೀಟಿ ಹರಿದ.
ಚಿಲ್ಲರೆ ಮಾತ್ರ ಸರಿಯಾಗಿಯೇ ಕೊಟ್ಟ.