ಲಾಭ, ಎರಡು, ಮೂರು

ಇಳಕಲ್ಲಿನ ನಮ್ಮ ಸಾಲಿಯ ಏಳನೇ ಕೋಣೆಯಲ್ಲಿ
ಫ್ಯಾನು ಎಂದೋ ಬಿಚ್ಚಿಕೊಂಡು ಹೋಗಿದ್ದ ಕೊಂಡಿಗೆ
ಟೀಚರು ದಾರ ಕಟ್ಟಿದರು.
ದಾರ ನಮ್ಮವ್ವನ ಮಗ್ಗದ್ದು, ಹಾಸಿನಲ್ಲಿ ಉಳಿದದ್ದು, ಕೆಂಪು.
ಕಲ್ಲು ಖಣಿಯದ್ದು, ಲಿಂಬಿಹಣ್ಣಿನಷ್ಟು,
ಯಾರ ಮನೆಯ ನೆಲಕ್ಕೂ ಬೇಡವಾದ ಚೂರು.
ಕೊಂಡಿಯಿಂದ ಕಲ್ಲಿನ ನಡುಹೊಟ್ಟೆಯ ತನಕ ಒಂದು ಮೀಟರ್.
ಮೂರು ಸಲ ಅಳೆದರು.

ಮೊಬೈಲು ಹಿಡಿದವಳು ನಾನು.
"ದಾನವ್ವಾ, ಅಲ್ಲಾಡಬ್ಯಾಡ. ಉಸರ ಸಣ್ಣಗ ತಗೋ."
ಸ್ಟ್ಯಾಂಡು ತರಿಸಿದ್ದರು,
ಬರುವಾಗಲೇ ಅದರ ಕಾಲು ಮುರಿದಿತ್ತು.

ಎಣಿಸುವವನು ಯಮನೂರ.
ಅವನಪ್ಪ ಅಡತಿಯಲ್ಲಿ ಜೋಳ ಅಳೆಯುವಾತ,
ಹಾಗಾಗಿ ಮಗನ ಬಾಯಲ್ಲೂ ಒಂದು ಎಂಬುದಿಲ್ಲ.
ಕಲ್ಲು ಕೈಬಿಟ್ಟ ಕೂಡಲೇ ಕೂಗಿದ: ಲಾಭ!
ಹೋಗಿ ಬಂತು, ಎರಡು.
ಹೋಗಿ ಬಂತು, ಮೂರು.
ಹತ್ತಕ್ಕೆ ಟೀಚರ ಗಡಿಯಾರ
ಹದಿನೆಂಟು ಸೆಕೆಂಡು ಅಂದಿತು.

ಪುಸ್ತಕದ ಲೆಕ್ಕ ಇಪ್ಪತ್ತು.

ನಿಲ್ಲಿಸಲೆಂದು ನಾನು ಬೆರಳು ತಂದೆ.
"ಬಂದ್ ಮಾಡಬ್ಯಾಡ, ನಡೀಲಿ" ಅಂದರು ನದಾಫ ಟೀಚರು.
ದಾರ ಎಳೆದು ನೋಡಿದರು, ಟೇಪು ಹಚ್ಚಿ ನೋಡಿದರು,
ಕಲ್ಲು ಬಿಚ್ಚಿ ಆಫೀಸಿನ ಹಿತ್ತಾಳೆ ಬೀಗ ಕಟ್ಟಿದರು.
ಮತ್ತೆ ಹದಿನೆಂಟು.
"ತೂಕ ಬ್ಯಾರೆ ಆದ್ರೂ ಹೊತ್ತು ಅಷ್ಟ. ಇದೊಂದು ಸಿಕ್ತು.
ಆದ್ರ ಎರಡು ಸೆಕೆಂಡು ಯಾರು ತಿಂದ್ರು?"
ಹೊರಗೆ ಯಾರದೋ ಮಗ್ಗ ಬಡಿಯುತ್ತಲೇ ಇತ್ತು,
ಪಾಠದಲ್ಲಿ ಅದೂ ಕೇಳುತ್ತದೆ.

"ಯಮನೂರ, ನಿಮ್ಮಪ್ಪ ಲಾಭ ಅನ್ನೂದು
ಸೇರು ಕೈಯಾಗ ಹಿಡದಾಗೋ, ಚೀಲಕ್ಕ ಸುರದ ಮ್ಯಾಲೋ?"
"ಸುರದ ಮ್ಯಾಲೆ ರೀ."
"ಹಂಗಾರ ಕಲ್ಲು ಬಿಟ್ಟಾಗ ಏನ ಅನಬೇಕು?"
"ಏನೂ ಅನಬಾರದ್ರಿ" ಎಂದಿತು ಒಂದು ದನಿ,
ಟೀಚರ ದನಿಗಿಂತ ಜೋರಾಗಿ,
ಮೊಬೈಲಿನ ಬಾಯಿಗೆ ಹತ್ತಿರ ಇದ್ದವಳು ನಾನೇ ಆದ್ದರಿಂದ.
"ಏನೂ ಅನ್ನದಕ್ಕೂ ಒಂದು ಹೆಸರೈತಿ, ಸೊನ್ನಿ.
ಬಿಟ್ಟಾಗ ಸೊನ್ನಿ.
ಹೋಗಿ, ತಿರುಗಿ ಬಂದ್ರ ಲಾಭ."

ಹದಿಮೂರು ನಿಮಿಷ. ಎಲ್ಲೂ ಕತ್ತರಿಸಿಲ್ಲ.
ಕೆರೂರಿನ ಸಾಲಿಯವರು ನೋಡಿ ತಾವೂ ಬೀಗ ತೂಗಿದರಂತೆ.
ಯಾರೋ ಸಾಹೇಬರು ಫೋನು ಮಾಡಿ
ತಪ್ಪಾದದ್ದು ತೆಗೆದು ಹಾಕಿರಿ ಅಂದರು.
"ತಪ್ಪು ತಗದ್ರ ಉಳಿಯೂದು ಉತ್ತರ ಒಂದ ರೀ,
ಅದು ಪುಸ್ತಕದಾಗ ಐತಲ್ಲ."

ರಾತ್ರಿ, ದಿನದ ಡಾಟಾ ಮುಗಿಯುವ ಮುಂಚೆ,
ಅವ್ವನಿಗೆ ತೋರಿಸಿದೆ.
"ಇದರಾಗ ನೀ ಎಲ್ಲಿ ಅದಿ?"
ಗೋಡೆ, ಕಿಟಕಿ, ಯಮನೂರನ ಬಾಯಿ
ಒಮ್ಮೆಲೇ ತುಸು ಅಲುಗಿದವು.
"ಈಗ ಅಲ್ಲಾಡ್ತಲ್ಲ, ಅದು ನಾ."
ಅವ್ವ ಪರದೆಗೆ ಮೂಗು ತಾಗುವಷ್ಟು ಬಾಗಿ
ಕಲ್ಲನ್ನೂ ನೋಡದೆ, ನನ್ನನ್ನೂ ನೋಡದೆ,
"ಬಣ್ಣ ಬಿಟ್ಟಿಲ್ಲ ನೋಡು ದಾರ" ಅಂದಳು.